‘ತಲೆ ಕೆಡಿಸ್ಕೋಬೇಡ’ ಅಂದ್ರೆ ಚಿಂತೆ ಹೋಗುತ್ತಾ? ಜಗಳೂರಿನಲ್ಲಿ ನಿಂತು ನೋಡಿದಾಗ

“ಜಾಸ್ತಿ ತಲೆ ಕೆಡಿಸ್ಕೋಬೇಡ.” ನಮ್ಮ ಕಡೆ ಚಿಂತೆಗೆ ಸಿಗುವ ಮೊದಲ ಔಷಧಿ ಇದು. ಬಹಳಷ್ಟು ಸಲ ಕೊನೆಯದೂ ಇದೇ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗುವುದನ್ನು ನೋಡುತ್ತಾ ನಿಂತ ಅಪ್ಪನಿಗೆ ಪಕ್ಕದ ಹೊಲದವರು ಹೇಳುತ್ತಾರೆ. ನಾಲ್ಕು ವರ್ಷದಿಂದ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಮಗನಿಗೆ ಅದೇ ಅಪ್ಪ ಹೇಳುತ್ತಾರೆ. ವಾರದ ಕಂತು ಹೊಂದಿಸಲು ಒದ್ದಾಡುವ ಅಮ್ಮನಿಗೆ ಮಾತ್ರ ಯಾರೂ ಹೇಳುವುದಿಲ್ಲ. ಯಾಕಂದ್ರೆ ಅವರು ಚಿಂತೆ ಮಾಡ್ತಿದ್ದಾರೆ ಅನ್ನೋದೇ ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲ್ಲ.

ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತು ಕೆಲಸ ಮಾಡಲ್ಲ. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ವೈದ್ಯನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಹೆಚ್ಚುಕಡಿಮೆ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಅವರು ಕೋತಿಯ ಬದಲು ಬಿಳಿ ಕರಡಿ ಇಟ್ಟುಕೊಂಡಿದ್ದರು. ಯೋಚಿಸಬೇಡಿ ಅಂದಾಗ ಕರಡಿ ಬರುತ್ತಲೇ ಇತ್ತು. ಆಮೇಲೆ ‘ಈಗ ಯೋಚಿಸಬಹುದು’ ಅಂದಾಗ, ಮೊದಲಿಂದಲೂ ಯೋಚಿಸಲು ಬಿಟ್ಟವರಿಗಿಂತ ತಡೆದುಕೊಂಡವರಿಗೇ ಅದು ಹೆಚ್ಚು ಸಲ ಬಂತು.

ಇನ್ನೆರಡು ಉತ್ತರಗಳೂ ಸುಲಭವಾಗಿ ಸಿಗುತ್ತವೆ. ಒಂದು ರೀಲ್ಸ್‌ನಲ್ಲಿ ಬರುವಂಥದ್ದು: ಎಲ್ಲ ನಿಮ್ಮ ಮನಸ್ಸಿನಲ್ಲೇ ಇದೆ, ಪಾಸಿಟಿವ್ ಆಗಿ ಯೋಚಿಸಿ. ಇನ್ನೊಂದು ನಮ್ಮಂಥವರ ಗುಂಪುಗಳಲ್ಲಿ ಓಡಾಡುವಂಥದ್ದು: ಇದು ವ್ಯವಸ್ಥೆಯ ಸಮಸ್ಯೆ, ವ್ಯವಸ್ಥೆ ಬದಲಾಗದೆ ಕೌನ್ಸೆಲಿಂಗ್, ಗಿನ್ಸೆಲಿಂಗ್ ಎಲ್ಲ ಕಣ್ಣೊರೆಸುವ ತಂತ್ರ. ಮೊದಲನೆಯದು ಬರದ ತಾಲ್ಲೂಕಿನ ಮನುಷ್ಯನಿಗೆ ಮಾಡುವ ಅವಮಾನ. ಎರಡನೆಯದು ಅರ್ಧ ಸತ್ಯ. ಆದರೆ ಅದು ರಾತ್ರಿ ಎರಡು ಗಂಟೆಗೆ ಎದ್ದು ಕೂತವನ ಕೈಗೆ ಏನನ್ನೂ ಕೊಡುವುದಿಲ್ಲ. ಚಿಂತೆಯ ಕಾರಣ ಹೊರಗಿದ್ದರೂ ಚಿಂತೆ ಸುತ್ತುವ ಯಂತ್ರ ಒಳಗೇ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ಹಿಡಿಯಬೇಕು. ಒಂದನ್ನು ಹಿಡಿದರೆ ಇನ್ನೊಂದಕ್ಕೆ ದ್ರೋಹ ಮಾಡಿದಂತಲ್ಲ.

ಕಾಯುವುದೇ ಕಸುಬಾದ ಊರು

ದಾವಣಗೆರೆ ಜಿಲ್ಲೆ ಅಂದರೆ ಹೊರಗಿನವರಿಗೆ ಬೆಣ್ಣೆ ದೋಸೆ, ಭದ್ರಾ ನಾಲೆಯ ಭತ್ತ, ಚನ್ನಗಿರಿಯ ಅಡಿಕೆ. ಜಗಳೂರು ಅದೇ ಜಿಲ್ಲೆಯ ಇನ್ನೊಂದು ಮುಖ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ತಾಲ್ಲೂಕು ಇದು. ಇಲ್ಲಿ ಬೇಸಾಯ ಅಂದರೆ ಬಹುಪಾಲು ಮಳೆ ನಂಬಿದ ಬೇಸಾಯ: ಮೆಕ್ಕೆಜೋಳ, ಈರುಳ್ಳಿ, ಶೇಂಗಾ, ತೊಗರಿ, ರಾಗಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದಾಗ ಜಗಳೂರೂ ಅದರಲ್ಲಿತ್ತು. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬೇರೆ ಕಡೆ ಅದು ಸುದ್ದಿ. ಇಲ್ಲಿ ಮತ್ತೊಂದು ವರ್ಷ.

ಇಲ್ಲಿಯ ಜನಕ್ಕೆ ಕಾಯುವುದು ಅಭ್ಯಾಸ ಆಗಿಬಿಟ್ಟಿದೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಕಾದರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಜಗಳೂರಿನ ಹೆಸರಿದೆ ಅಂತ ಕಾದರು. 2023ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್‌ನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆಮೇಲೆ ಆ ದುಡ್ಡು ಯಾಕೆ ಬರಲಿಲ್ಲ ಅನ್ನುವುದೇ ರಾಜ್ಯ ಮತ್ತು ಕೇಂದ್ರದ ನಡುವಿನ ಜಗಳವಾಯಿತು. ಜಗಳ ಯಾರದ್ದೇ ಇರಲಿ, ಬೋರ್‌ವೆಲ್ ಇನ್ನೊಂದು ನೂರಡಿ ಇಳಿಸೋದಾ ಬೇಡ್ವಾ ಅಂತ ರಾತ್ರಿ ಲೆಕ್ಕ ಹಾಕುವವರು ಇಲ್ಲಿಯವರು.

ಓದಿದ ಮಕ್ಕಳ ಕಥೆ ಇದಕ್ಕಿಂತ ಬೇರೆ ಅಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ನಡುವಿನ ಆ ಎರಡು ವರ್ಷದಲ್ಲಿ ಪ್ರಾಮಾಣಿಕವಾಗಿ ಬರೆದ ಹುಡುಗ ಮನೆಯಲ್ಲಿ ಏನಂತ ಹೇಳಿಕೊಂಡು ಕೂರಬೇಕು? ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದವೇ ತಪ್ಪು. ಡಿಸೆಂಬರ್ 29ರಂದು ಮತ್ತೆ ಬರೆಸಿದರು. ಅದರಲ್ಲೂ ಅನುವಾದದ ತಪ್ಪುಗಳ ದೂರು ಬಂತು. 2024ರ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳೇ ನಿಂತವು. ಒಳಮೀಸಲಾತಿ ಮೂರು ದಶಕ ಕಾದ ನ್ಯಾಯದ ಪ್ರಶ್ನೆ, ಅದರ ಬಗ್ಗೆ ತಕರಾರಿಲ್ಲ. ಅದನ್ನು ಇಷ್ಟು ತಡ ಮಾಡಿದ ಸರ್ಕಾರಗಳ ಲೆಕ್ಕವನ್ನು ವಯೋಮಿತಿ ಮೀರುತ್ತಿರುವ ಹುಡುಗ ಹುಡುಗಿಯರು ಕಟ್ಟಬೇಕಾಯಿತು, ಅಷ್ಟೇ.

ಅಮ್ಮನ ವಿಷಯಕ್ಕೆ ಬಂದರೆ, ಮೈಕ್ರೋ ಫೈನಾನ್ಸ್ ಕಿರುಕುಳ ಎಷ್ಟಿತ್ತು ಅಂದ್ರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಂತ ಗಾದೆ. ಈರುಳ್ಳಿ ಚೀಲ ಹೊತ್ತು ಮಾರುಕಟ್ಟೆಗೆ ಹೋದವನಿಗೆ ಸಂತೆಯೇ ಚಿಂತೆ.

ಯೋಚನೆ ಬೇರೆ, ಚಿಂತೆ ಬೇರೆ

“ಈ ಸಲ ಎರಡು ಎಕರೆ ಮೆಕ್ಕೆಜೋಳ ಬಿಟ್ಟು ತೊಗರಿ ಹಾಕೋಣ್ವಾ? ಬೀಜ ಎಲ್ಲಿ ಸಿಗುತ್ತೆ, ಖರ್ಚೆಷ್ಟು?” ಇದು ಯೋಚನೆ. ಒಂದು ಗಂಟೆ ಹಿಡಿಯಬಹುದು, ಒಂದು ವಾರ ಹಿಡಿಯಬಹುದು, ಕೊನೆಗೆ ಹೌದು ಅಥವಾ ಇಲ್ಲ ಅನ್ನುವಲ್ಲಿ ನಿಲ್ಲುತ್ತದೆ.

“ಮಳೆ ಬರ್ದಿದ್ರೆ? ಬೆಳೆ ಹೋದ್ರೆ? ಕಂತು ತಪ್ಪಿದ್ರೆ? ತಂಗಿ ಮದುವೆ ಮುಂದಕ್ಕೆ ಹೋದ್ರೆ? ಊರವರು ಏನಂತಾರೆ?” ಇದು ಚಿಂತೆ. ಗಮನಿಸಿ, ಎಲ್ಲವೂ ಪ್ರಶ್ನೆಗಳೇ, ಉತ್ತರ ಒಂದಕ್ಕೂ ಇಲ್ಲ. ಒಂದು ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ಮನಸ್ಸು ಮುಂದಿನ ಪ್ರಶ್ನೆಗೆ ಹಾರಿರುತ್ತದೆ. ಕೊನೆಗೆ ಬೆಳಗಾಗುತ್ತದೆ, ತೀರ್ಮಾನ ಆಗಿರಲ್ಲ. ಇದಕ್ಕೊಂದು ಅಣ್ಣನೂ ಇದ್ದಾನೆ: ಹಿಂದೆ ನೋಡುವ ಚಿಂತೆ. “ಅವತ್ತು ಡಿಪ್ಲೊಮಾ ಮಾಡಿದ್ರೆ ಚೆನ್ನಾಗಿತ್ತು, ಆ ಮೇಷ್ಟ್ರ ಮಾತು ಕೇಳಬಾರದಿತ್ತು” ಅಂತ ಅದನ್ನೇ ಮತ್ತೆ ಮತ್ತೆ ಮೆಲುಕು ಹಾಕೋದು. ಓವರ್‌ಥಿಂಕಿಂಗ್ ಅಂತ ಇವತ್ತಿನ ಹುಡುಗರು ಕರೆಯುವುದು ಈ ಎರಡನ್ನೂ ಸೇರಿಸಿ.

ಇದು ಯಾಕೆ ನಿಲ್ಲಲ್ಲ? ಚಿಂತೆ ಕೆಲಸದ ವೇಷ ಹಾಕಿಕೊಂಡು ಬರುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೊರ್ಕೊವೆಕ್ ಚಿಂತೆಯನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದವರು. ಚಿಂತೆ ಬಹುಮಟ್ಟಿಗೆ ಚಿತ್ರಗಳಲ್ಲಿ ಅಲ್ಲ, ಮಾತುಗಳಲ್ಲಿ ನಡೆಯುತ್ತದೆ ಅನ್ನುವುದು ಅವರು ಕಂಡುಕೊಂಡ ಸಂಗತಿ. ಒಣಗಿದ ಹೊಲವನ್ನು ಕಣ್ಣ ಮುಂದೆ ತಂದುಕೊಂಡರೆ ಎದೆ ಝಲ್ಲೆನ್ನುತ್ತದೆ. ಅದರ ಬಗ್ಗೆ ಒಳಗೊಳಗೇ ಮಾತಾಡುತ್ತಿದ್ದರೆ ಆ ಝಲ್ ಅಷ್ಟಾಗಿ ತಟ್ಟುವುದಿಲ್ಲ, ಏನೋ ಮಾಡುತ್ತಿದ್ದೇನೆ ಅನ್ನುವ ಭ್ರಮೆಯೂ ಸಿಗುತ್ತದೆ. ಆ ಸಣ್ಣ ಸಮಾಧಾನವೇ ಚಟವಾಗುತ್ತದೆ. ಜೊತೆಗೆ ನಮ್ಮಲ್ಲಿ ಇನ್ನೊಂದು ನಂಬಿಕೆ ಸೇರಿಕೊಂಡಿದೆ. ಚಿಂತೆ ಮಾಡುವವನೇ ಜವಾಬ್ದಾರಿ ಇರುವವನು. ನಿಶ್ಚಿಂತೆಯಿಂದ ಮಲಗಿದ ಮಗನನ್ನು ನೋಡಿ “ಇವನಿಗೆ ಮನೆ ಬಗ್ಗೆ ಖಬರೇ ಇಲ್ಲ” ಅನ್ನುವ ಮನೆ ನಿಮಗೂ ಗೊತ್ತಿರುತ್ತದೆ.

ಎರಡನೆಯ ಕಾರಣ ಅನಿಶ್ಚಿತತೆ. ಮಿಷೆಲ್ ಡುಗಾ ಮೊದಲಾದ ಕೆನಡಾದ ಸಂಶೋಧಕರು 1990ರ ದಶಕದಿಂದ ತೋರಿಸುತ್ತಾ ಬಂದಿರುವುದು ಇದನ್ನೇ: ಚಿಂತೆಯ ಬೇರು ಕೆಟ್ಟದ್ದು ಆಗುತ್ತದೆ ಅನ್ನುವುದರಲ್ಲಿ ಇರುವುದಕ್ಕಿಂತ ‘ಏನಾಗುತ್ತೋ ಗೊತ್ತಿಲ್ಲ’ ಅನ್ನುವುದನ್ನು ತಡೆದುಕೊಳ್ಳಲಾಗದ್ದರಲ್ಲಿ ಇರುತ್ತದೆ. ಪರೀಕ್ಷೆ ಫೇಲಾದ ದಿನ ಅತ್ತು, ಮರುದಿನ ಬೇರೆ ದಾರಿ ನೋಡಿದವರು ಎಷ್ಟೋ ಜನ. ಫಲಿತಾಂಶ ಇಂದು ಬರುತ್ತೆ ನಾಳೆ ಬರುತ್ತೆ ಅನ್ನುವ ಆರು ತಿಂಗಳೇ ಹೆಚ್ಚು ಹಿಂಡುವುದು. ಆಗ ಕೈ ಮೊಬೈಲ್‌ಗೆ ಹೋಗುತ್ತದೆ. ಇಲಾಖೆಯ ವೆಬ್‌ಸೈಟ್, ಟೆಲಿಗ್ರಾಂ ಗ್ರೂಪ್, ಮಳೆ ಆ್ಯಪ್, ಮಾರುಕಟ್ಟೆ ದರ. ನೋಡಿದ ಕೂಡಲೇ ಒಂದು ನಿಮಿಷ ಹಗುರ, ಐದನೇ ನಿಮಿಷಕ್ಕೆ ಮತ್ತೆ ತುರಿಕೆ. ನಾನೂ ಒಂದು ಫಲಿತಾಂಶಕ್ಕಾಗಿ ಒಂದೇ ದಿನ ನಲವತ್ತು ಸಲ ಅದೇ ಪುಟ ತೆರೆದವನು. ನಲವತ್ತನೆಯ ಸಲವೂ ಅದು ಖಾಲಿಯೇ ಇತ್ತು.

ಇಲ್ಲಿ ಸ್ವಸಹಾಯ ಪುಸ್ತಕಗಳು ಎಡವುವ ಒಂದು ಜಾಗ ಇದೆ. “ನೀವು ಹೆದರುವುದರಲ್ಲಿ ಶೇ 91ರಷ್ಟು ನಡೆಯುವುದೇ ಇಲ್ಲ” ಅನ್ನುವ ಮಾತು ಇಂಟರ್‌ನೆಟ್ ತುಂಬಾ ಓಡಾಡುತ್ತದೆ. ಇದರ ಮೂಲ ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ. ವಿಪರೀತ ಆತಂಕದ ತೊಂದರೆ ಇದ್ದ 29 ಜನ ತಮ್ಮ ಚಿಂತೆಗಳನ್ನು ಬರೆದಿಟ್ಟು, ಆಮೇಲೆ ಯಾವುದು ನಿಜವಾಯಿತು ಅಂತ ನೋಡಿದರು. ಶೇ 91ರಷ್ಟು ಸುಳ್ಳಾಗಿದ್ದವು. ಅವರಿಗೆ ಅದು ನಿಜವಾಗಿಯೂ ಸಹಾಯ ಮಾಡಿತು. ಆದರೆ ಜಗಳೂರಿನ ರೈತ ‘ಮಳೆ ಬರ್ದಿದ್ರೆ?’ ಅಂತ ಬರೆದಿಟ್ಟು ಹತ್ತು ವರ್ಷದ ಲೆಕ್ಕ ತೆಗೆದರೆ ಈ ಅಂಕಿ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಚಿಂತೆಗಳಲ್ಲಿ ಬಹಳಷ್ಟು ನಿಜವಾಗುತ್ತವೆ. ಆದ್ದರಿಂದ ‘ನಿನ್ನ ಭಯ ಸುಳ್ಳು’ ಅನ್ನುವ ಮದ್ದು ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನಿಜವಾದ ಸಮಸ್ಯೆಯ ಬಗ್ಗೆಯೂ ಚಿಂತೆ ವ್ಯರ್ಥವೇ ಅನ್ನುವುದನ್ನು ನಾವು ಬೇರೆ ದಾರಿಯಿಂದ ತಿಳಿಯಬೇಕು.

ಅದಕ್ಕೆ ಹತ್ತಿರದ ಸಾಕ್ಷಿ ತಮಿಳುನಾಡಿನಲ್ಲಿದೆ. ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಭಾಗದ 464 ಕಬ್ಬು ಬೆಳೆಗಾರರನ್ನು ಸಂಶೋಧಕರು ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಅದೇ ಮನುಷ್ಯರು, ಅದೇ ಥರದ ಒಗಟುಗಳು. ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಸರಾಸರಿಯಲ್ಲಿ ಅವರು ಕಡಿಮೆ ಅಂಕ ತೆಗೆದರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನ ಹೇಳಿದ್ದು: ಬಡವರಿಗೆ ಬುದ್ಧಿ ಕಡಿಮೆ ಅಲ್ಲ, ಹಣದ ಚಿಂತೆ ಬುದ್ಧಿಯ ಜಾಗವನ್ನೇ ಆಕ್ರಮಿಸುತ್ತದೆ. ಅಂದರೆ ಸರಿಯಾದ ತೀರ್ಮಾನ ಅತ್ಯಂತ ಅಗತ್ಯ ಇರುವ ಹೊತ್ತಿನಲ್ಲೇ ಚಿಂತೆ ತೀರ್ಮಾನ ಮಾಡುವ ಶಕ್ತಿಯನ್ನು ತಿನ್ನುತ್ತದೆ.

ಹಾಗಾದ್ರೆ ಮಾಡೋದೇನು?

ಚಿಂತೆಯನ್ನು ನಿಲ್ಲಿಸುವುದಲ್ಲ, ಅದಕ್ಕೊಂದು ಹೊತ್ತು ಮತ್ತು ಜಾಗ ಕೊಡುವುದು. ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಪರೀಕ್ಷಿಸಿದ ವಿಧಾನ ಇದು. ದಿನಕ್ಕೆ ಒಂದೇ ಅರ್ಧ ಗಂಟೆ, ಒಂದೇ ಜಾಗದಲ್ಲಿ. ಹಾಸಿಗೆಯಲ್ಲಿ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಸಂಜೆ ಐದಕ್ಕೆ ಕಟ್ಟೆ ಮೇಲೋ, ಹೊಲದ ಬದುವಿನ ಮೇಲೋ, ರೂಮಿನ ಮಹಡಿಯ ಮೇಲೋ ಕೂರಿ. ಬೇರೆ ಹೊತ್ತಲ್ಲಿ ಚಿಂತೆ ಬಂದರೆ ಅದನ್ನು ಓಡಿಸಬೇಡಿ, ಒಂದು ಸಾಲು ಬರೆದಿಟ್ಟು “ಐದು ಗಂಟೆಗೆ ಬಾ” ಅನ್ನಿ. ಕೇಳಲು ಹುಡುಗಾಟ ಅನ್ನಿಸುತ್ತದೆ. ಆದರೆ ‘ಮಾಡಬೇಡ’ ಅನ್ನುವುದಕ್ಕೂ ‘ಆಮೇಲೆ ಮಾಡು’ ಅನ್ನುವುದಕ್ಕೂ ಮನಸ್ಸಿಗೆ ಬಹಳ ವ್ಯತ್ಯಾಸ ಇದೆ. ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಮುಂದೂಡಬೇಕಾಗುತ್ತದೆ. ಐದು ಗಂಟೆಗೆ ಕೂತಾಗ ಬೆಳಿಗ್ಗೆ ಬರೆದಿದ್ದರಲ್ಲಿ ಅರ್ಧ ಯಾಕೆ ಬರೆದೆ ಅನ್ನಿಸುತ್ತದೆ, ಉಳಿದರ್ಧ ಉಳಿಯುತ್ತದೆ.

ಆ ಉಳಿದರ್ಧಕ್ಕೆ ಒಂದು ಹಾಳೆ ಬೇಕು. ಸಾಮಾನ್ಯವಾಗಿ ಕೌನ್ಸೆಲರ್‌ಗಳು ಎರಡು ಕಾಲಂ ಹಾಕಿಸುತ್ತಾರೆ: ನನ್ನ ಕೈಲಿರೋದು, ನನ್ನ ಕೈಲಿಲ್ಲದ್ದು. ಕೈಲಿರುವುದನ್ನು ಮಾಡು, ಇಲ್ಲದ್ದನ್ನು ಬಿಡು. ನನಗೆ ಇದರ ಬಗ್ಗೆ ತಕರಾರಿದೆ. ನಮ್ಮಂಥ ತಾಲ್ಲೂಕಿನಲ್ಲಿ ಎರಡನೆಯ ಕಾಲಂ ತುಂಬಿ ತುಳುಕುತ್ತದೆ, ಮೊದಲನೆಯದರಲ್ಲಿ ಎರಡು ಸಾಲೂ ಇರಲ್ಲ. ಅದನ್ನು ನೋಡಿದರೆ ಇರುವ ಧೈರ್ಯವೂ ಹೋಗುತ್ತದೆ. ಆದ್ದರಿಂದ ನಡುವೆ ಮೂರನೆಯ ಕಾಲಂ ಹಾಕಿ: ನಮ್ಮ ಕೈಲಿರೋದು.

ಬೆಳೆ ವಿಮೆಯನ್ನೇ ತೆಗೆದುಕೊಳ್ಳಿ. ಮಳೆ ಯಾರ ಕೈಲೂ ಇಲ್ಲ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ಗರಿಷ್ಠ ಶೇ 2, ಗಡುವಿನೊಳಗೆ ಕಟ್ಟಿದ್ದೇನಾ, ಆಲಿಕಲ್ಲು ಬಿದ್ದೋ ಹೊಲ ಮುಳುಗಿಯೋ ಹಾನಿಯಾದರೆ 72 ಗಂಟೆಯೊಳಗೆ ದೂರು ಕೊಟ್ಟಿದ್ದೇನಾ ಅನ್ನುವುದು ನನ್ನ ಕೈಲಿದೆ. ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡುವುದೂ ನನ್ನ ಕೈಲಿದೆ, ವಾರಕ್ಕೊಮ್ಮೆ ಸಾಕು. ಆದರೆ ಪಂಚಾಯ್ತಿಯ ಬೆಳೆ ಕಟಾವು ಪ್ರಯೋಗ ಎಲ್ಲಿ, ಯಾರ ಎದುರು ನಡೆಯಿತು, ಪಕ್ಕದ ಪಂಚಾಯ್ತಿಗೆ ಬಂದ ಪರಿಹಾರ ನಮಗ್ಯಾಕೆ ಬರಲಿಲ್ಲ ಅನ್ನುವುದನ್ನು ಒಬ್ಬನೇ ಹೋಗಿ ಕೇಳಿದರೆ ಕೌಂಟರ್‌ನಲ್ಲಿ “ನಾಳೆ ಬನ್ನಿ” ಅಂತಾರೆ. ಇಪ್ಪತ್ತು ಜನ ಹೋದರೆ ಕಡತ ತೆಗೀತಾರೆ. ಅದು ನಮ್ಮ ಕೈಲಿರೋದು. ವಯೋಮಿತಿ ಸಡಿಲಿಕೆಯ ಬೇಡಿಕೆ, ಅನುವಾದದ ತಪ್ಪಿನ ದೂರು, ಕಿರುಕುಳ ಕೊಡುವ ವಸೂಲಿಗಾರನ ಮೇಲೆ ಠಾಣೆಯಲ್ಲಿ ದೂರು, ಎಲ್ಲ ಈ ಕಾಲಂಗೆ ಸೇರಿದ್ದು. ಚಿಂತೆ ಒಬ್ಬರೊಳಗೆ ಸುತ್ತುತ್ತಿರುವವರೆಗೆ ಅದು ಕಾಯಿಲೆಯ ಕಡೆ ಹೋಗುತ್ತದೆ, ನಾಲ್ಕು ಜನರ ನಡುವೆ ಬಂದ ಮೇಲೆ ಅದು ಒಂದು ಕೆಲಸದ ಪಟ್ಟಿ.

ಮೊದಲ ಮತ್ತು ನಡುವಿನ ಕಾಲಂಗಳಲ್ಲಿ ಇರುವ ಪ್ರತಿ ಸಾಲಿನ ಮುಂದೆ ಮುಂದಿನ ಸಣ್ಣ ಹೆಜ್ಜೆ ಮತ್ತು ಒಂದು ದಿನಾಂಕ ಬರೆಯಿರಿ. ‘ಬ್ಯಾಂಕ್ ಸಾಲ’ ಅಂತಲ್ಲ, ‘ಸೋಮವಾರ ಬ್ಯಾಂಕಿನಿಂದ ಬಂದ ಆ ಲಕೋಟೆ ಒಡೆಯೋದು’ ಅಂತ. ನಗಬೇಡಿ, ಭಯಕ್ಕೆ ತಿಂಗಳುಗಟ್ಟಲೆ ಒಡೆಯದ ಲಕೋಟೆಗಳು ಎಷ್ಟು ಮನೆಯ ಸಜ್ಜಾದ ಮೇಲೆ ಇಲ್ಲ? ಚಿಂತೆ ಮಾಡುವವರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಚಿಂತೆಯ ವಿಷಯವನ್ನೇ.

ಮೊಬೈಲ್ ನೋಡುವುದಕ್ಕೂ ಹೊತ್ತು ಗೊತ್ತು ಮಾಡಿ. ದರ ಬೆಳಿಗ್ಗೆ ಒಮ್ಮೆ, ನೇಮಕಾತಿ ಸುದ್ದಿ ಸಂಜೆ ಒಮ್ಮೆ. ಫಲಿತಾಂಶ ಬಂದರೆ ನಿಮಗೆ ಹೇಳಲು ಹತ್ತು ಜನ ಫೋನ್ ಮಾಡ್ತಾರೆ, ಬೇಡ ಅಂದ್ರೂ ಮಾಡ್ತಾರೆ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡುತ್ತಾ ಇರಬೇಡಿ, ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ನಡೆಯಿರಿ. ಇದಕ್ಕಿಂತ ಹೆಚ್ಚು ಇದರಲ್ಲಿ ಹೇಳುವುದಿಲ್ಲ.

ಇದನ್ನು ಓದುತ್ತಿರುವ ಹಲವರಿಗೆ ಇನ್ನೊಂದು ಬಗೆಯ ಚಿಂತೆಯೂ ಇರುತ್ತದೆ. ದೇಶದ್ದು, ದ್ವೇಷದ ರಾಜಕಾರಣದ್ದು, ಹವಾಮಾನದ್ದು. ರಾತ್ರಿ ಹನ್ನೆರಡಕ್ಕೆ ಒಂದರ ಹಿಂದೊಂದು ಸುದ್ದಿ ಎಳೆಯುತ್ತಾ, ಸಿಟ್ಟಾಗುತ್ತಾ, ಹಂಚುತ್ತಾ, ಅದನ್ನೇ ರಾಜಕೀಯ ಅಂದುಕೊಳ್ಳುವುದು. ನಾನೂ ಅದರಲ್ಲಿದ್ದೇನೆ. ಇದಕ್ಕೂ ಮೇಲಿನ ಪರೀಕ್ಷೆಯೇ ಅನ್ವಯ: ಇದು ಯಾವುದಾದರೂ ತೀರ್ಮಾನದಲ್ಲಿ ನಿಲ್ಲುತ್ತಿದೆಯಾ? ಒಂದು ಗ್ರಾಮಸಭೆಗೆ ಹೋಗುವುದು ನೂರು ಪೋಸ್ಟ್‌ಗಿಂತ ನಿದ್ದೆಗೆ ಒಳ್ಳೆಯದು. ಊರಿಗೆ ಒಳ್ಳೆಯದೋ ಇಲ್ಲವೋ ಅದು ಸಭೆಯ ಮೇಲೆ ಹೋಗುತ್ತದೆ.

ಯಾವಾಗ ಡಾಕ್ಟರ್ ಹತ್ರ ಹೋಗಬೇಕು?

ಚಿಂತೆ ತಿಂಗಳುಗಟ್ಟಲೆ ಹೆಚ್ಚುಕಡಿಮೆ ದಿನವೂ ಇದ್ದು, ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ಅದು ಸ್ವಭಾವ ಅಲ್ಲ, ಚಿಕಿತ್ಸೆ ಇರುವ ತೊಂದರೆ. ನಮ್ಮ ಕಡೆ ಅದು ಚಿಂತೆ ಅಂತ ಹೆಸರು ಹೇಳಿಕೊಂಡು ಬರುವುದೂ ಕಡಿಮೆ. ಎದೆ ಡವಡವ, ಕತ್ತು ಬೆನ್ನು ಬಿಗಿತ, ಕೈಕಾಲು ಜೋಮು, ‘ಗ್ಯಾಸ್ಟ್ರಿಕ್’ ಅಂತ ಬರುತ್ತದೆ. ಇಸಿಜಿ ಸರಿ ಇದೆ, ಥೈರಾಯ್ಡ್ ಸರಿ ಇದೆ ಅಂದ ಮೇಲೂ ಮೂರನೇ ಆಸ್ಪತ್ರೆಗೆ ಹೋಗುವವರಿಗೆ ಯಾರಾದರೂ “ನಿದ್ದೆ ಹೆಂಗಿದೆ, ಏನು ಯೋಚನೆ?” ಅಂತ ಕೇಳಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಆಲ್ಪ್ರಜೋಲಾಂನಂಥ ಮಾತ್ರೆ ಆ ರಾತ್ರಿಗೆ ನಿದ್ದೆ ಕೊಡುತ್ತದೆ, ಕೆಲವೇ ವಾರದಲ್ಲಿ ಅದಿಲ್ಲದೆ ನಿದ್ದೆ ಬರದಂತೆ ಮಾಡುತ್ತದೆ. ಎಣ್ಣೆಯದೂ ಅದೇ ಕಥೆ. ಮನೋವೈದ್ಯರು ದೀರ್ಘಕಾಲದ ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಔಷಧಿಗಳೇ ಬೇರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ಆ ಥರದ ಚಟ ಹಿಡಿಸುವುದಿಲ್ಲ, ಆದರೆ ಹೇಳದೆ ಕೇಳದೆ ನಿಲ್ಲಿಸಬಾರದು. ಬರೀ ಮಾತಿನ ಚಿಕಿತ್ಸೆಯಿಂದಲೇ ಸರಿಹೋಗುವವರೂ ಬಹಳ ಜನ. ಬದುಕೋದೇ ಬೇಡ ಅನ್ನುವ ಯೋಚನೆ ಬಂದರೆ ಮಾತ್ರ ಐದು ಗಂಟೆಗೆ ಕಾಯುವ ಮಾತಿಲ್ಲ. ಅವತ್ತೇ, ಆಗಲೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಿಂದ ಇದು ನಡೆಯುತ್ತಿದೆ, ಇದರ ಹಿಂದೆ ಇರುವುದು ನಮ್ಮ ನಿಮ್ಹಾನ್ಸ್. ಬರೀ ಚಿಂತೆಗೂ ಫೋನ್ ಮಾಡಬಹುದು, ಸಾಯುವಷ್ಟು ಕಷ್ಟ ಇರಲೇಬೇಕು ಅಂತೇನಿಲ್ಲ.

ಅಜ್ಜಿಯರ ಬೆಂಚು, ನಮ್ಮ ಆಶಾ

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸ’ ಅನ್ನುವ ಪದ ಇದೆ. ಅರ್ಥ: ವಿಪರೀತ ಯೋಚನೆ ಮಾಡುವುದು. ಅಲ್ಲಿ ಅದು ಬೈಗುಳ ಅಲ್ಲ, ಕಾಯಿಲೆಯ ಹೆಸರು. 2006ರಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು ಹರಾರೆಯ ಬಡ ಬಡಾವಣೆಯೊಂದರಲ್ಲಿ ಈ ಕಾಯಿಲೆಗೆ ಮದ್ದು ಹುಡುಕಲು ಹೊರಟಾಗ ಅವರ ಬಳಿ ಕಟ್ಟಡವೂ ಇರಲಿಲ್ಲ, ಡಾಕ್ಟರುಗಳೂ ಇರಲಿಲ್ಲ. ಇದ್ದವರು ಸಮುದಾಯ ಆರೋಗ್ಯ ಕಾರ್ಯಕರ್ತೆಯರಾದ ಅಜ್ಜಿಯರು. ಕ್ಲಿನಿಕ್‌ನ ಹೊರಗೆ ಒಂದು ಮರದ ಬೆಂಚು ಹಾಕಿದರು. ಬಂದವರ ಸಮಸ್ಯೆಗಳನ್ನು ಅಜ್ಜಿ ಕೇಳುತ್ತಾರೆ, ಅದರಲ್ಲಿ ಒಂದನ್ನು ಬಂದವರೇ ಆರಿಸುತ್ತಾರೆ, ಮುಂದಿನ ಸಣ್ಣ ಹೆಜ್ಜೆ ಏನು ಅಂತ ಇಬ್ಬರೂ ಸೇರಿ ತೀರ್ಮಾನಿಸುತ್ತಾರೆ. ಆಮೇಲೆ ಅಂಥದ್ದೇ ಕಷ್ಟ ಇರುವವರ ಗುಂಪಿಗೆ ಸೇರಿಸುತ್ತಾರೆ. 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಬೆಂಚಿನಲ್ಲಿ ಕೂತವರ ಸ್ಥಿತಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು.

ಇದು ಇಲ್ಲಿ ಆಗುತ್ತಾ ಅಂತ ಕೇಳುವವರಿಗೆ: ಇದರ ಒಂದು ರೂಪ ಜಗಳೂರಿನಲ್ಲೇ ನಡೆದಿದೆ. ನಿಮ್ಹಾನ್ಸ್‌ನ ಮನೋವೈದ್ಯರು ಎಪಿಡಿ ಸಂಸ್ಥೆ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಜೊತೆ ಸೇರಿ ಈ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಸಮುದಾಯದಲ್ಲೇ ಪುನಶ್ಚೇತನದ ಕೆಲಸ ಮಾಡಿದ್ದಾರೆ. ಅದರಲ್ಲಿ ಆಶಾ ಕಾರ್ಯಕರ್ತೆಯರ ಪಾತ್ರವೂ ಇತ್ತು. ದೇಶಕ್ಕೇ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಕೂಡ ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಅತಿ ಕಷ್ಟದ ಕಾಯಿಲೆಗೇ ಹಳ್ಳಿಯಲ್ಲಿ ದಾರಿ ಇದೆ ಅಂದಮೇಲೆ ಚಿಂತೆಗೆ ಇರಬಾರದೇಕೆ? 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ತೊಂದರೆಗಳಿಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 12ರಲ್ಲಿ ಕರ್ನಾಟಕ ಇರಲಿಲ್ಲ ಅನ್ನುವುದು ಬೇರೆ ಮಾತು.

ಆಶಾ ಅಕ್ಕಂದಿರಿಗೆ ಇದೊಂದು ಕೆಲಸವನ್ನೂ ಹೊರಿಸಿ ಅಂತ ನಾನು ಸುಮ್ಮನೆ ಹೇಳುತ್ತಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ದಿನಗಟ್ಟಲೆ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ ಗೌರವಧನ, ಸಿಕ್ಕಿದ್ದು ಕನಿಷ್ಠ 10,000ದ ಭರವಸೆ. ಊರಿನ ಚಿಂತೆ ಕೇಳಿಸಿಕೊಳ್ಳುವವರ ತಿಂಗಳ ಚಿಂತೆಯನ್ನು ಯಾರು ಕೇಳಬೇಕು? ಬೆಂಚು ಹಾಕುವುದು ಅಗ್ಗ, ಅದರ ಮೇಲೆ ಕೂರುವವರಿಗೆ ಸರಿಯಾಗಿ ದುಡ್ಡು ಕೊಡಬೇಕು.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 18ನೇ ಸೆಕ್ಷನ್ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರಬೇಕು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲೇ ಕೇಳಿ ತಿಳಿಯಬಹುದು. ಜಗಳೂರಿರಲಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಇರಲಿ, ಕೇಳಬೇಕಾದ್ದು ಮೂರೇ ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಎಷ್ಟು ಮಂಗಳವಾರ ವೈದ್ಯರು ಬಂದರು? ಬಂದವರಲ್ಲಿ ಎಷ್ಟು ಜನರಿಗೆ ಔಷಧಿ ಆಸ್ಪತ್ರೆಯಲ್ಲೇ ಸಿಕ್ಕಿತು, ಎಷ್ಟು ಜನರನ್ನು ಹೊರಗೆ ಕಳಿಸಿದರು? ಈ ಕ್ಲಿನಿಕ್ ಇದೆ ಅನ್ನುವ ಬೋರ್ಡ್ ಆಸ್ಪತ್ರೆಯ ಬಾಗಿಲಲ್ಲಿ ಇದೆಯಾ? ಬಾಯಿಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು 30 ದಿನ. ಐದು ಗಂಟೆಯ ಹಾಳೆಯಲ್ಲಿ ನಡುವಿನ ಕಾಲಂಗೆ ಹಾಕಿಕೊಳ್ಳಿ.